ಎದ್ದು ಬರಬಹುದಾದ ಆಟ

ನಮ್ಮೂರು ಸಗರನಾಡು ಅಂತ ಆಫೀಸಿನಲ್ಲಿ ಹೇಳಿದರೆ ಹತ್ತರಲ್ಲಿ ಒಂಬತ್ತು ಜನ, "ಓ, ಜೋಗ್ ಫಾಲ್ಸ್ ಹತ್ರ ಅಲ್ವಾ?" ಅಂತಾರೆ. ಅದು ಶಿವಮೊಗ್ಗದ ಸಾಗರ. ನಮ್ಮದು ದೀರ್ಘ ಇಲ್ಲದ ಸಗರ. ಭೀಮಾ, ಕೃಷ್ಣಾ ನದಿಗಳ ಸೀಮೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ಸೇರಿದರೆ ಸಗರನಾಡು. ಶಹಾಪುರದ ಪಕ್ಕದಲ್ಲಿ ಸಗರ ಅಂತಲೇ ಒಂದು ಊರೂ ಇದೆ, ಸೂಫಿ ಸರಮಸ್ತರ ದರ್ಗಾ ಇರುವ ಊರು. ಅಲ್ಲಿನ ಸಾಗರದಲ್ಲಿ ಮಳೆ ಬಿಡಲ್ಲ, ನಮ್ಮ ಸಗರದಲ್ಲಿ ಬಿಸಿಲು ಬಿಡಲ್ಲ. ಅಷ್ಟು ನೆನಪಿಟ್ಟುಕೊಂಡರೆ ಇನ್ನು ಗೊಂದಲ ಆಗಲ್ಲ.

ಹೋಗೋದು ಕಷ್ಟ ಏನಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವಕ್ಕೆ ಯಾದಗಿರಿ. ಸ್ಟೇಷನ್ ಹೊರಗೆ ಬಿಸಿ ಚಹಾ, ಸುಸಲಾ, ಜೊತೆಗೆ ಮಿರ್ಚಿ. ಬೆಳಕು ಹರಿಯುತ್ತಿದ್ದಂತೆ ಊರಿನ ನೆತ್ತಿಯ ಮೇಲೆ ಕೋಟೆ ಕಾಣಿಸುತ್ತದೆ. ನವೆಂಬರಿನಿಂದ ಫೆಬ್ರುವರಿ ಒಳಗೆ ಹೋದರೆ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಹೋಗಿ ಆಮೇಲೆ ನನ್ನನ್ನು ಬಯ್ಯಬೇಡಿ.

ನಾನು ಹೋಗಿದ್ದು ಎಳ್ಳಮಾವಾಸ್ಯೆಗೆ. 2025ರಲ್ಲಿ ಅದು ಡಿಸೆಂಬರ್ 19, ಶುಕ್ರವಾರ ಬಂತು. ಒಂದು ದಿನ ರಜೆ ಹಾಕಿದರೆ ಮೂರು ದಿನ ಸಿಗುತ್ತಿತ್ತು. ಆದರೆ ಈ ಸಲ ಹಬ್ಬದ ಜೊತೆ ಇನ್ನೊಂದು ಕೆಲಸವೂ ಇತ್ತು. ಹೊರಡುವ ಹಿಂದಿನ ವಾರ ಕಾಕಾನ ಮಗ ವಾಟ್ಸಾಪಿನಲ್ಲಿ ಒಂದೇ ಸಾಲು ಕಳಿಸಿದ್ದ: "ಅಣ್ಣಾ, ಬಂದಾಗ ನನಗ ಪೋಕರ್ ಕಲಸು."

ಅವನಿಗೆ ಇಪ್ಪತ್ಮೂರು. ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯ್ತು. ಈಗ ಶಹಾಪುರದಿಂದ ಊರಿಗೆ ಟಂಟಂ ಓಡಿಸುತ್ತಾನೆ. ಯಾವುದೋ ಬಣ್ಣ ಊಹಿಸುವ ಆ್ಯಪಿನಲ್ಲಿ, ಹತ್ತಿ ಮಾರಿದ ದುಡ್ಡಿನಲ್ಲಿ ಇಪ್ಪತ್ತೆರಡು ಸಾವಿರ ಕಳೆದುಕೊಂಡಿದ್ದಾನೆ ಅಂತ ಕಾಕಿ ಫೋನಿನಲ್ಲಿ ಹೇಳಿ ಅತ್ತಿದ್ದಳು. ಕಾಕಾಗೆ ಇನ್ನೂ ಗೊತ್ತಿರಲಿಲ್ಲ.

ಎರಡು ಎಲೆ ಕೈಯಲ್ಲಿ, ಐದು ಎಲೆ ಮೇಜಿನ ಮೇಲೆ

ಅವನು ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. 2022ರ ಮಧ್ಯದಿಂದ ಮೂರು ವರ್ಷ ನಾನು ಆನ್‌ಲೈನ್ ಪೋಕರ್ ಟೂರ್ನಮೆಂಟ್ ಆಡಿದೆ. ದೊಡ್ಡ ಆಟಗಾರ ಅಲ್ಲ. ವಾರಕ್ಕೆ ಎರಡೋ ಮೂರೋ ರಾತ್ರಿ, ಊಟ ಆದಮೇಲೆ, ನೂರು ಇನ್ನೂರು ರೂಪಾಯಿಯ ಟೂರ್ನಮೆಂಟು.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಟೆಕ್ಸಾಸ್ ಹೋಲ್ಡೆಮ್ ಅನ್ನೋ ಆಟದಲ್ಲಿ ನಿಮಗೆ ಎರಡು ಎಲೆ ಸಿಗುತ್ತವೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬೀಳುತ್ತವೆ. ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದರು. ಟೂರ್ನಮೆಂಟಿನಲ್ಲಿ ಎಲ್ಲರೂ ಒಂದೇ ಪ್ರವೇಶ ಹಣ ಕೊಟ್ಟು ಒಂದೇ ಲೆಕ್ಕದ ಚಿಪ್ಸ್ ತಗೊಂಡು ಕೂರುತ್ತಾರೆ. ಚಿಪ್ಸ್ ಮುಗಿದವರು ಹೊರಗೆ. ಸುಮ್ಮನೆ ಕಾಯುತ್ತಾ ಕೂರೋಣ ಅಂದರೂ ಆಗಲ್ಲ. ಸರದಿಯ ಮೇಲೆ ಕಡ್ಡಾಯವಾಗಿ ಇಡಬೇಕಾದ ಪಣಕ್ಕೆ ಬ್ಲೈಂಡ್ಸ್ ಅಂತಾರೆ, ಅದು ಕೆಲವು ನಿಮಿಷಕ್ಕೊಮ್ಮೆ ಏರುತ್ತಾ ಹೋಗುತ್ತೆ. ಆಡದೆ ಕೂತವನ ಚಿಪ್ಸೂ ಕರಗುತ್ತವೆ. ಸಾಮಾನ್ಯವಾಗಿ ನೂರು ಜನ ಕೂತರೆ ಹತ್ತು ಹದಿನೈದು ಜನಕ್ಕೆ ದುಡ್ಡು, ಅದರಲ್ಲೂ ಮೊದಲ ಮೂರು ಜನಕ್ಕೆ ಸಿಂಹಪಾಲು. ಉಳಿದವರು ಬರಿಗೈ.

ಜಗತ್ತಿಗೆ ಈ ಹುಚ್ಚು ಹಿಡಿಸಿದ್ದು ಅಮೆರಿಕದ ಟೆನೆಸಿಯ ಒಬ್ಬ ಅಕೌಂಟೆಂಟ್. ಹೆಸರು ಕ್ರಿಸ್ ಮನಿಮೇಕರ್. ಅದು ಅವನ ನಿಜವಾದ ಹೆಸರೇ. ನೂರು ಡಾಲರಿಗೂ ಕಡಿಮೆಯ ಒಂದು ಆನ್‌ಲೈನ್ ಟೂರ್ನಮೆಂಟ್ ಗೆದ್ದು, 2003ರ ವರ್ಲ್ಡ್ ಸೀರೀಸ್ ಆಫ್ ಪೋಕರಿನ 10,000 ಡಾಲರ್ ಪ್ರವೇಶದ ಮುಖ್ಯ ಪಂದ್ಯಕ್ಕೆ ಹೋದ. 839 ಜನರಲ್ಲಿ ಮೊದಲಿಗನಾಗಿ 25 ಲಕ್ಷ ಡಾಲರ್ ಗೆದ್ದ. ಅವತ್ತಿನಿಂದ ಕೂತಲ್ಲಿಂದಲೇ ಕೋಟಿ ಅನ್ನೋ ಕನಸು ಪ್ರತಿ ಲ್ಯಾಪ್‌ಟಾಪಿಗೂ ಬಂತು. ಅದೇ ಪಂದ್ಯದಲ್ಲಿ ಸೋತ 838 ಜನರ ಹೆಸರು ಯಾರೂ ಬಾಯಿಪಾಠ ಮಾಡಲಿಲ್ಲ.

ನಮ್ಮ ರಾಜ್ಯದಲ್ಲಿ ಇದರ ಕಥೆ ಹಾವು ಏಣಿ ಆಟದ ಹಾಗೆ. ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಯಾಗಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲ ಬಂದ್ ಆದವು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಅನ್ನೋದು ಅಲ್ಲಿನ ವಾದದ ತಿರುಳು. ಆಮೇಲೆ ಸಂಸತ್ತಿನಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆ ಬಂತು. 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡಿಸೋದೇ ಅಪರಾಧ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಅದನ್ನು ಪ್ರಶ್ನಿಸಿ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ನನ್ನ ಆ್ಯಪೂ ಆ ವಾರವೇ ಬಾಗಿಲು ಹಾಕಿತು. ವ್ಯಾಲೆಟಿನಲ್ಲಿ ಉಳಿದಿದ್ದ ದುಡ್ಡು ವಾಪಸ್ ಬಂತು. ನನ್ನ ಮಟ್ಟಿಗೆ ಕಥೆ ಮುಗಿದಿತ್ತು.

ಮಲಗಿದ ಬುದ್ಧನ ಊರು

ಯಾದಗಿರಿಯಿಂದ ಕೆಂಪು ಬಸ್ಸು ಭೀಮಾ ಸೇತುವೆ ದಾಟಿತು. ಸೆಪ್ಟೆಂಬರ್ ಕೊನೆಯಲ್ಲಿ ಇದೇ ಭೀಮಾ ಹೊಲ, ಊರು ನೋಡದೆ ಹರಿದಿದ್ದಳು. ಡಿಸೆಂಬರಿನಲ್ಲಿ ಏನೂ ಗೊತ್ತಿಲ್ಲದವಳ ಹಾಗೆ ತೆಳ್ಳಗೆ ಹರಿಯುತ್ತಿದ್ದಳು. ದಂಡೆಯ ಹೊಲಗಳಲ್ಲಿ ಕೊಳೆತು ಒಣಗಿದ ಹತ್ತಿ ಗಿಡಗಳನ್ನು ಕಿತ್ತು ಕುಪ್ಪೆ ಹಾಕಿದ್ದರು. ಸ್ವಲ್ಪ ಮುಂದೆ ಎತ್ತರದ ನೆಲದಲ್ಲಿ ಬಿಳಿ ಜೋಳ ಸೊಂಟದೆತ್ತರ ನಿಂತಿತ್ತು. ಒಂದೇ ಬಸ್ಸಿನ ಕಿಟಕಿ, ಹತ್ತು ನಿಮಿಷದ ಅಂತರದಲ್ಲಿ ಎರಡು ಥರದ ವರ್ಷ.

ಶಹಾಪುರ ಹತ್ತಿರವಾದಂತೆ ಬೆಟ್ಟಗಳ ಸಾಲಿನಲ್ಲಿ ಮಲಗಿದ ಬುದ್ಧ ಕಾಣಿಸುತ್ತಾನೆ. ಯಾರೂ ಕೆತ್ತಿದ್ದಲ್ಲ. ಹಣೆ, ಮೂಗು, ಎದೆ, ಹೊಟ್ಟೆ ಎಲ್ಲ ಬಂಡೆಗಳೇ ಜೋಡಿಸಿಕೊಂಡ ಆಕಾರ. ಮೊದಲ ಸಲ ನೋಡುವವರಿಗೆ ಯಾರಾದರೂ ಬೆರಳು ಮಾಡಿ ತೋರಿಸಬೇಕು. ಒಮ್ಮೆ ಕಂಡಮೇಲೆ ಅದು ಬೆಟ್ಟವಾಗಿ ಮತ್ತೆ ಕಾಣೋದೇ ಇಲ್ಲ. ಗೆದ್ದರೂ ಸೋತರೂ ಮುಖದಲ್ಲಿ ಏನೂ ತೋರಿಸದವರಿಗೆ ಪೋಕರ್ ಫೇಸ್ ಅಂತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಮಾದರಿ ನಾನಂತೂ ಕಂಡಿಲ್ಲ.

ಪಣ ಕಟ್ಟೋದು ಈ ಸೀಮೆಗೆ ಫೋನಿನಿಂದ ಬಂದದ್ದಲ್ಲ. ನಾಗರಪಂಚಮಿಗೆ ಜೋಕಾಲಿಯ ಜೊತೆಗೆ ಕಾಯಿ ಎಸೆಯುವ ಪಂದ್ಯ ಇರುತ್ತಿತ್ತು. ಈ ಅಗಸಿಯಿಂದ ಆ ಊರಿನ ಗುಡಿಗೆ ಎಷ್ಟು ಎಸೆತದಲ್ಲಿ ಕಾಯಿ ಮುಟ್ಟಿಸುತ್ತೀ ಅಂತ ಪಣ. ನಿಂಬೆಹಣ್ಣು ಎಸೆಯೋದೂ ಇತ್ತು. ಜೋಳದ ಚೀಲ ಎತ್ತೋದು, ಸಂಗ್ರಾಣಿ ಕಲ್ಲು ಎತ್ತೋದು ಎಲ್ಲದರಲ್ಲೂ ಹತ್ತಿಪ್ಪತ್ತು ರೂಪಾಯಿ ಇರುತ್ತಿತ್ತು. ಜೊತೆಗೆ ಇಸ್ಪೀಟು. ನಮ್ಮ ಕಡೆಯ ಪತ್ರಿಕೆಗಳ ಜಿಲ್ಲಾ ಪುಟ ತೆಗೆದರೆ ಇಂದಿಗೂ ಒಂದು ಸುದ್ದಿ ತಪ್ಪಲ್ಲ: ಸಾರ್ವಜನಿಕ ಸ್ಥಳದಲ್ಲಿ ಅಂದರ್ ಬಾಹರ್, ಇಷ್ಟು ಜನರ ಬಂಧನ, ನಗದು ಮತ್ತು 52 ಇಸ್ಪೀಟ್ ಎಲೆ ಜಪ್ತಿ, ಕೆ.ಪಿ. ಆ್ಯಕ್ಟ್ ಕಲಂ 87. ಬೆಂಗಳೂರಿನ ಕ್ಲಬ್ಬಿನ ಪೋಕರಿಗೆ 2013ರಲ್ಲೇ ಹೈಕೋರ್ಟಿನಲ್ಲಿ ಕೌಶಲದ ಆಟ ಅನ್ನೋ ಗೌರವ ಸಿಕ್ಕಿತ್ತು. ಬನ್ನಿಗಿಡದ ಕೆಳಗಿನ ಅಂದರ್ ಬಾಹರಿಗೆ ಆ ಗೌರವ ಸಿಗಲಿಲ್ಲ. ಸಿಗೋದು ನ್ಯಾಯವೂ ಅಲ್ಲ. ಅದರಲ್ಲಿ ಇರೋದು ಒಳಗೋ ಹೊರಗೋ ಅನ್ನೋ ಎರಡೇ ಆಯ್ಕೆ, ಯೋಚನೆ ಮಾಡೋಕೆ ಏನೂ ಇಲ್ಲ.

ಹೊಲದ ದೇವರು

ಎಳ್ಳಮಾವಾಸ್ಯೆ ದಿನ ಊರಲ್ಲಿ ಯಾರೂ ಇರಲ್ಲ. ಎತ್ತಿನ ಬಂಡಿ, ಟ್ರ್ಯಾಕ್ಟರ್, ಬೈಕು, ಟಂಟಂ ಎಲ್ಲ ಹೊಲದ ಕಡೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಅಂಬಲಿ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಲ್ಲ. ಪುಂಡಿಪಲ್ಲೆ, ಹಸಿ ಕಾಳು, ಸಿಕ್ಕ ತರಕಾರಿ ಎಲ್ಲ ಹಾಕಿ ಕುದಿಸಿದ ಪಲ್ಯ. ಇದನ್ನು ತಿನ್ನೋಕಾದರೂ ನೀವು ಒಂದು ಸಲ ಈ ದಿನ ನಮ್ಮ ಕಡೆ ಬರಬೇಕು. ಪರಿಚಯ ಇಲ್ಲದಿದ್ದರೂ ಯಾವ ಹೊಲದವರೂ ಊಟ ಮಾಡಿಸದೆ ಬಿಡಲ್ಲ.

ಹೊಲದಲ್ಲಿ ಜೋಳದ ದಂಟಿನ ಪುಟ್ಟ ಕೊಂಪೆ ಮಾಡಿ, ಅದರೊಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡುತ್ತಾರೆ. ಐದು ಕಲ್ಲು ಅಂದರೆ ಪಾಂಡವರು. ಆಮೇಲೆ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ಚಿಕ್ಕಂದಿನಿಂದ ನೋಡಿದ್ದೇ. ಆದರೆ ಈ ಸಲ ಆ ಕಲ್ಲುಗಳ ಮುಂದೆ ಕೂತಾಗ, ಜೂಜಿನಲ್ಲಿ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಪಣಕ್ಕಿಟ್ಟು ಸೋತವರನ್ನೇ ನಮ್ಮ ಜನ ಹೊಲದ ದೇವರು ಮಾಡಿಕೊಂಡಿದ್ದಾರಲ್ಲ ಅನ್ನಿಸಿತು. ಧರ್ಮರಾಯ ಒಂದು ಸಲ ಎಲ್ಲ ಕಳೆದುಕೊಂಡು, ದ್ರೌಪದಿಯಿಂದಾಗಿ ವಾಪಸ್ ಪಡೆದು, ಮನೆ ದಾರಿ ಹಿಡಿದವನು. ಮತ್ತೆ ಕರೆ ಬಂದಾಗ ಮತ್ತೆ ಬಂದು ಕೂತ. ಕರೆದರೆ ಬರಲ್ಲ ಅನ್ನೋಕೆ ಕ್ಷತ್ರಿಯನಿಗೆ ಬಾಯಿ ಇರಲಿಲ್ಲ. ಪಗಡೆಯ ವಿದ್ಯೆಯನ್ನು ಅವನು ಋಷಿಯೊಬ್ಬರಿಂದ ಕಲಿತದ್ದು ಆಮೇಲೆ, ಕಾಡಿನಲ್ಲಿ.

ಊಟ ಆದಮೇಲೆ ಕಾಕಾ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಶುರು ಮಾಡಿದ.

"ಏನೋ ತಮ್ಮಾ, ಆ ಫೋನಿನ್ಯಾಗಿನ ಇಸ್ಪೀಟ ಬಂದ್ ಆತಂತಲ್ಲ?"

"ಹೌದು ಕಾಕಾ. ಸರ್ಕಾರದವ್ರು ಕಾನೂನು ಮಾಡ್ಯಾರ."

"ಛಲೋ ಆತು ಬಿಡು. ಅಲ್ಲ, ಅದರಾಗ ತಲಿ ಓಡಿಸಿದ್ರ ಗೆಲ್ಲಬಹುದು ಅಂತಿದ್ದೆಲ್ಲ ನೀ?"

ಹೇಳಿದೆ. ನೂರಕ್ಕೆ ಎಂಬತ್ತು ಸಲ ಗೆಲ್ಲೋ ಎಲೆ ಕೈಯಲ್ಲಿದ್ದರೂ ಇಪ್ಪತ್ತು ಸಲ ಸೋಲೋದು ಇದ್ದೇ ಇರುತ್ತೆ. ಸೋತಾಗ, ನಾನು ಮಾಡಿದ್ದು ತಪ್ಪಾ ಅಥವಾ ಎಲೆ ಬಿದ್ದದ್ದೇ ಹಾಗಾ ಅಂತ ಬಿಡಿಸಿ ನೋಡೋದು ಕಲಿಯಬೇಕು. ಅದೇ ಈ ಆಟದ ದೊಡ್ಡ ಪಾಠ ಅಂದೆ.

ಕಾಕಾ ನಕ್ಕ. "ಅದಕ್ಕ ಫೋನ್ ಯಾಕ ಬೇಕೋ? ಮೆಣಸಿನಗಿಡ ಹಚ್ಚಿದ್ರ ಸಾಕು."

ಅವನ ಆರು ಎಕರೆಯಲ್ಲಿ ಎರಡು ಎಕರೆ ಮೆಣಸಿನಕಾಯಿ. ನಾರಾಯಣಪುರದ ಬಸವಸಾಗರದಿಂದ ಬರುವ ಎಡದಂಡೆ ಕಾಲುವೆಯ ನೀರೇ ಅದಕ್ಕೆ ಆಧಾರ. ನಮ್ಮ ಹೊಲ ಇರೋದು ವಿತರಣಾ ಕಾಲುವೆಯ ಕೊನೆಗೆ. ಪೋಕರಿನಲ್ಲಿ ಕೊನೆಗೆ ಆಡುವವನಿಗೆ ಲಾಭ, ಎಲ್ಲರ ನಡೆ ನೋಡಿ ತೀರ್ಮಾನ ಮಾಡಬಹುದು. ಕಾಲುವೆಯಲ್ಲಿ ಕೊನೆಯವನಿಗೆ ಸಿಗೋದು ಮೇಲಿನವರು ಭತ್ತಕ್ಕೆ ಬಿಟ್ಟುಕೊಂಡು ಉಳಿದ ನೀರು. ಅದರ ಮೇಲೆ ಎಲೆ ಮುಟುರು ರೋಗ, ಎಣ್ಣೆ ಹೊಡೆಯುವ ಖರ್ಚು, ಬಿಡಿಸುವ ಆಳು. ಇಷ್ಟೆಲ್ಲ ದಾಟಿ ಲಾರಿ ತುಂಬಿ ಬ್ಯಾಡಗಿಗೆ ಹೋದರೆ ಅಲ್ಲಿ ಆ ದಿನದ ದರ ಏನೋ ಅದು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿದು, ರೊಚ್ಚಿಗೆದ್ದ ಜನ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟದ್ದು ನಿಮಗೆ ನೆನಪಿರಬಹುದು. ಆ ಹಂಗಾಮಿನಲ್ಲಿ ಕಾಕಾನ ಬೆಳೆಯೂ ಮಾರುಕಟ್ಟೆಯಲ್ಲಿತ್ತು. ಬೆಳೆ ಚೆನ್ನಾಗಿಯೇ ಬಂದಿತ್ತು, ಬೀಜ, ನೀರು, ಗೊಬ್ಬರ ಯಾವುದರಲ್ಲೂ ಅವನು ತಪ್ಪಿರಲಿಲ್ಲ.

"ನೀ ಸೋತ್ರ ಏನ್ ಮಾಡ್ತಿದ್ದಿ?" ಕಾಕಾ ಕೇಳಿದ.

"ಫೋನ್ ಬಂದ್ ಮಾಡಿ ಮಲಗ್ತಿದ್ದೆ."

"ಹ್ಞಾ, ಅಲ್ಲೇ ಅದ ನೋಡು. ನೀ ಎದ್ದು ಬರ್ತಿದ್ದಿ. ನಾ ಈ ಹೊಲ ಬಂದ್ ಮಾಡಿ ಎಲ್ಲಿ ಮಲಗ್ಲಿ? ನಾವು ಎದ್ದು ಹೋಗೋದಂದ್ರ ಗುಳೆ ಹೋಗೋದೇ."

ಮಗ ಪಕ್ಕದಲ್ಲೇ ಕೂತು ನೆಲ ಕೆರೆಯುತ್ತಿದ್ದ. ಕಾಕಿ ನನ್ನ ಮುಖ ನೋಡಿದಳು. ನಾನು ಐದು ಕಲ್ಲುಗಳ ಕಡೆ ನೋಡಿದೆ.

ಸುರಪುರದ ಗುಡ್ಡದ ಮೇಲೆ

ಮರುದಿನ ಇಬ್ಬರೂ ಅವನ ಬೈಕಿನಲ್ಲಿ ಸುರಪುರಕ್ಕೆ ಹೋದೆವು. ಮನೆಯಲ್ಲಿ ಮಾತಾಡೋ ಹಾಗಿರಲಿಲ್ಲ. ಸುತ್ತ ಗುಡ್ಡ, ನಡುವೆ ಊರು. ನಾಯಕ ಅರಸರ ರಾಜಧಾನಿ. ಮೇಲೆ ಗುಡ್ಡದಲ್ಲಿ ಟೇಲರ್ ಮಂಜಿಲ್. 1841ರಲ್ಲಿ ಇಲ್ಲಿಗೆ ಬಂದ ಫಿಲಿಪ್ ಮೆಡೋಸ್ ಟೇಲರ್ ಅನ್ನೋ ಬ್ರಿಟಿಷ್ ಅಧಿಕಾರಿ ಬಾಲಕ ರಾಜನ ಪರವಾಗಿ ಆಡಳಿತ ನೋಡಿಕೊಂಡು 1853ರವರೆಗೆ ಇದ್ದ. ಆ ಬಾಲಕನೇ ರಾಜಾ ವೆಂಕಟಪ್ಪ ನಾಯಕ.

1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ತಿರುಗಿ ಬಿದ್ದ. ಸೇನೆಗಳು ಬಂದವು, ಸುರಪುರ ಕೈತಪ್ಪಿತು, ಹೈದರಾಬಾದಿನಲ್ಲಿ ರಾಜ ಸೆರೆ ಸಿಕ್ಕ. ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ಸತ್ತ. ತನ್ನ ಕೈಯಿಂದಲೇ ಸತ್ತ ಅಂತ ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸುರಪುರದಲ್ಲಿ ಎಷ್ಟೋ ಜನ ಅದನ್ನು ನಂಬಲ್ಲ. ಇಪ್ಪತ್ನಾಲ್ಕರ ಆಚೆ ಈ ರಾಜನಿಗೆ ಆಯುಷ್ಯ ಇಲ್ಲ ಅಂತ ಜಾತಕದಲ್ಲಿ ಮೊದಲೇ ಇತ್ತು ಅನ್ನೋ ಮಾತನ್ನೂ ಟೇಲರೇ ದಾಖಲಿಸಿದ್ದಾನೆ. 1860ರ ಒಪ್ಪಂದದಲ್ಲಿ ಸುರಪುರ ನಿಜಾಮನ ಪಾಲಾಯಿತು.

ಪೋಕರ್ ಆಡುವವರಲ್ಲಿ ಒಂದು ಮಾತಿದೆ, ರಿಸಲ್ಟಿಂಗ್ ಅಂತ. ಆ್ಯನಿ ಡ್ಯೂಕ್ ಅನ್ನೋ ಆಟಗಾರ್ತಿ ತನ್ನ ಪುಸ್ತಕದಲ್ಲಿ ಅದನ್ನು ಬಿಡಿಸಿ ಹೇಳಿದ್ದಾಳೆ. ಫಲ ನೋಡಿ ತೀರ್ಮಾನದ ಬೆಲೆ ಕಟ್ಟೋದು. ಗೆದ್ದರೆ ಜಾಣ, ಸೋತರೆ ದಡ್ಡ. ಸೋತ ರಾಜನಿಗೆ ದುಡುಕಿದ ಅನ್ನೋದು ಸುಲಭ. ಆ ಫೆಬ್ರುವರಿಯಲ್ಲಿ ಇಪ್ಪತ್ತರ ಹರೆಯದ ಹುಡುಗನ ಮುಂದೆ ಇದ್ದ ದಾರಿಗಳೆಷ್ಟು, ಸುಮ್ಮನೆ ಕೂತಿದ್ದರೆ ಉಳಿಯುತ್ತಿದ್ದುದು ಏನು ಅಂತ ಕೇಳಿದರೆ ಲೆಕ್ಕ ಅಷ್ಟು ಸಲೀಸಾಗಿ ಬಗೆಹರಿಯಲ್ಲ. ಬಹುಶಃ ಅದಕ್ಕೇ ಸುರಪುರದವರು ಸೋತವನನ್ನೇ ಇಷ್ಟು ವರ್ಷ ತಲೆ ಮೇಲೆ ಹೊತ್ತುಕೊಂಡಿದ್ದಾರೆ.

ನಾನು ಇದನ್ನೆಲ್ಲ ಹೇಳಿ ಮುಗಿಸೋಕೂ ಅವನು ಕಾಯಲಿಲ್ಲ.

"ಅಣ್ಣಾ, ಬಣ್ಣದ ಆಟ ಬರೀ ಲಕ್ ಅದ, ನನಗೀಗ ತಿಳೀತು. ನಿಂದು ತಲಿ ಆಟ. ಟೆಲಿಗ್ರಾಮಿನ್ಯಾಗ ಇನ್ನೂ ನಡೀತಾವ, ಏಜೆಂಟ್ ಅದಾನ. ನೀ ಒಂದು ತಿಂಗಳು ಕಲಸು, ಇಪ್ಪತ್ತೆರಡು ಸಾವಿರ ತಗದು ಬಿಟ್ಟುಬಿಡ್ತೀನಿ. ನೀ ಒಂದೇ ರಾತ್ರಿ ಹತ್ತೊಂಬತ್ತು ಸಾವಿರ ಗೆದ್ದಿದ್ದಿ ಅಲ್ಲಾ?"

ಗೆದ್ದಿದ್ದೆ. 19,800. ಮನೆಯವರಿಗೆಲ್ಲ ಗೊತ್ತಿರುವ ಗೆಲುವು ಅದೊಂದೇ. ನಾನು ಫೋನ್ ತೆಗೆದು ಎಕ್ಸೆಲ್ ಷೀಟ್ ತೆರೆದು ಅವನ ಕೈಗೆ ಕೊಟ್ಟೆ. ಕೆಲಸದ ಅಭ್ಯಾಸ, ಮೊದಲ ದಿನದಿಂದ ಪ್ರತಿ ಟೂರ್ನಮೆಂಟೂ ಒಂದೊಂದು ಸಾಲು. ಗೆದ್ದದ್ದು ಹಸಿರು, ಸೋತದ್ದು ಕೆಂಪು. 412 ಸಾಲು. ಅವನು ಹೆಬ್ಬೆರಳಿಂದ ಸರಿಸುತ್ತಾ ಹೋದ. ಹಸಿರು ಇದ್ದದ್ದು 58.

ಕಟ್ಟಿದ ಒಟ್ಟು ದುಡ್ಡು 70,180. ವಾಪಸ್ ಬಂದದ್ದು 64,350. ನೂರು ರೂಪಾಯಿ ಆಟಕ್ಕೆ ನೂರಾಹತ್ತು ಕಟ್ಟಬೇಕು, ಮೇಲಿನ ಹತ್ತು ಆ್ಯಪಿನವರ ಫೀಸು. ಹಾಗೆ ಫೀಸಿಗೇ ಹೋದದ್ದು 6,380. ಅದನ್ನು ಬಿಟ್ಟು ನೋಡಿದರೆ ಮೂರು ವರ್ಷ ರಾತ್ರಿ ಕೂತು, ಪುಸ್ತಕ ಓದಿ, ವಿಡಿಯೊ ನೋಡಿ, ಎದುರಾಳಿಗಳಿಂದ ನಾನು ನಿಜವಾಗಿ ಗೆದ್ದದ್ದು 550 ರೂಪಾಯಿ. 2023ರ ಅಕ್ಟೋಬರ್ 1ರಿಂದ ಬಂದ ಶೇ 28ರ ಜಿಎಸ್‌ಟಿ ಲೆಕ್ಕ ಬೇರೆ.

"ಮತ್ತ ಆ ಹತ್ತೊಂಬತ್ತು ಸಾವಿರ?"

ಅದರ ಕಥೆಯನ್ನೂ ಹೇಳಿದೆ. ಆ ರಾತ್ರಿ ನಾನು ಎರಡು ರಾಜ ಹಿಡಿದು ಇದ್ದಬದ್ದ ಚಿಪ್ಸನ್ನೆಲ್ಲ ಇಟ್ಟಿದ್ದೆ. ಎದುರಿನವನ ಕೈಯಲ್ಲಿ ಎರಡು ಎಕ್ಕ. ಪೋಕರಿನಲ್ಲಿ ಅದಕ್ಕಿಂತ ದೊಡ್ಡ ಕೈ ಇಲ್ಲ. 221 ಸಲಕ್ಕೆ ಒಮ್ಮೆ ಸಿಗುವ ಜೋಡಿ. ಅಂಥ ಹೊತ್ತಲ್ಲಿ ಅವನು ನೂರಕ್ಕೆ ಸುಮಾರು 82 ಸಲ ಗೆಲ್ಲಬೇಕು. ಮೇಜಿನ ಮೇಲೆ ಕೊನೆಯ ಎಲೆ ಇನ್ನೊಂದು ರಾಜ ಬಿತ್ತು. ಅವನು ಸರಿಯಾಗಿಯೇ ಆಡಿ ಮನೆಗೆ ಹೋದ, ನಾನು ಫೈನಲ್ ಟೇಬಲಿಗೆ ಹೋದೆ. ಆ ಒಂದು ಎಲೆ ಬೇರೆ ಬಿದ್ದಿದ್ದರೆ ಷೀಟಿನ ಕೊನೆಯ ಲೆಕ್ಕ ಏನಾಗುತ್ತಿತ್ತು ನೀನೇ ಕಳೆದು ನೋಡು ಅಂದೆ. ಕಳೆದು ನೋಡಿದ.

ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಕೆಳಗೆ ಊರಿನಲ್ಲಿ ಯಾವುದೋ ಮಸೀದಿಯ ಬಾಂಗು, ಅದರ ಹಿಂದೆಯೇ ಗುಡಿಯ ಗಂಟೆ. ಆಮೇಲೆ ಅವನು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ತಯಾರಿರಲಿಲ್ಲ.

"ಇಷ್ಟು ಕೆಂಪು ಅದ. ಆದ್ರೂ ನಿನಗೇನೂ ಆಗಿಲ್ಲಲ್ಲ ಅಣ್ಣಾ?"

ಪೋಕರ್ ಪುಸ್ತಕಗಳಲ್ಲಿ ಬ್ಯಾಂಕ್‌ರೋಲ್ ಅನ್ನೋ ಅಧ್ಯಾಯ ಇರುತ್ತೆ. ಆಟಕ್ಕೆ ಅಂತ ಎತ್ತಿಟ್ಟ ಹಣ ಎಷ್ಟಿರಬೇಕು, ಸಾಲುಸಾಲಾಗಿ ಸೋತರೂ ದಿವಾಳಿ ಆಗದ ಹಾಗೆ ಒಂದು ಆಟಕ್ಕೆ ಅದರಲ್ಲಿ ಎಷ್ಟು ಕಡಿಮೆ ಇಡಬೇಕು ಅಂತ. ಅದನ್ನು ಶಿಸ್ತು ಅಂತಾರೆ. ಆದರೆ ನನ್ನ ವಿಷಯದಲ್ಲಿ ಬ್ಯಾಂಕ್‌ರೋಲ್ ಅಂದರೆ ತಿಂಗಳ ಕೊನೆಗೆ ಬರುವ ಸಂಬಳ. ಕೆಂಪು ಸಾಲು ಎಷ್ಟೇ ಉದ್ದ ಇರಲಿ, ಕೊನೆಯ ತಾರೀಖಿಗೆ ಒಂದು ಮೆಸೇಜ್ ಬರುತ್ತಿತ್ತು. ಅದು ಇಲ್ಲದೆ ಇಪ್ಪತ್ತೆರಡು ಸಾವಿರ ಹಿಂದೆ ತೆಗೆಯಲೇಬೇಕು ಅಂತ ಕೂತವನಿಗೆ 412 ಸಾಲಿನ ಪುರುಸೊತ್ತು ಇರಲ್ಲ. ಅವನು ಹತ್ತನೆಯ ಸಾಲಿಗೇ ಮುಗಿದಿರುತ್ತಾನೆ, ಎಷ್ಟೇ ತಲೆ ಇದ್ದರೂ.

ಹಾಗೇ ಹೇಳಿದೆ, ಸುತ್ತಿ ಬಳಸದೆ. ಟೆಲಿಗ್ರಾಮಿನ ಏಜೆಂಟ್ ನಾಳೆ ಫೋನ್ ಎತ್ತದಿದ್ದರೆ ಯಾವ ಠಾಣೆಗೆ ಹೋಗುತ್ತೀ ಅಂತಲೂ ಕೇಳಿದೆ. ಕಲಿಸಲ್ಲ ಅಂದೆ. ಅವನಿಗೆ ಸಿಟ್ಟು ಬಂತು. "ನೀವು ಬೆಂಗಳೂರಾಗ ಆಡಿದ್ರ ಆಟ, ನಾವು ಆಡಿದ್ರ ಜೂಜ" ಅಂದ. ಆ ಮಾತಿನಲ್ಲಿ ಸುಳ್ಳು ಏನೂ ಇರಲಿಲ್ಲ, ಹಾಗಾಗಿ ಸುಮ್ಮನಿದ್ದೆ.

ಇಳಿಯುವಾಗ ದಾರಿಯಲ್ಲಿ ಅವನೇ ಬೈಕ್ ನಿಲ್ಲಿಸಿ ಕೇಳಿದ, "ಅಪ್ಪಗ ನೀನೇ ಹೇಳ್ತಿಯೇನು?" ಇಬ್ಬರೂ ಕೂತು ಹೇಳೋಣ ಅಂದೆ. ಆ ರಾತ್ರಿ ಹೇಳಿದೆವು. ಕಾಕಾ ಕೂಗಾಡಲಿಲ್ಲ. ಎಲೆ ಅಡಿಕೆ ಚೀಲ ಬಿಚ್ಚಿ, ಮತ್ತೆ ಕಟ್ಟಿ, "ಬೀಜದ ಅಂಗಡಿಯವರಿಗೆ ಕೊಡೋ ರೊಕ್ಕ ಅದು" ಅಂದ, ಅಷ್ಟೇ. ಊಟಕ್ಕೆ ಏಳಲಿಲ್ಲ. ಅಂಗಡಿಯವರಿಗೆ ನಾನು ಅರ್ಧ ಕೊಡುತ್ತೇನೆ ಅಂದರೆ ಅದಕ್ಕೂ ಒಪ್ಪಲಿಲ್ಲ. ಮಗ ಟಂಟಂ ದುಡಿಮೆಯಿಂದ ತೀರಿಸಬೇಕು ಅಂತ ಆಯ್ತು.

ಭಾನುವಾರ ರಾತ್ರಿ ಯಾದಗಿರಿ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ತುಂಬ ಗಂಟು, ಮೂಟೆ, ಜೋಳದ ಚೀಲ, ಸಣ್ಣ ಮಕ್ಕಳು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವರು. ನನ್ನ ರಿಸರ್ವೇಶನ್ ಬೋಗಿ, ಅವರ ಜನರಲ್ ಬೋಗಿ ಎರಡನ್ನೂ ಎಳೆಯುವ ಎಂಜಿನ್ ಒಂದೇ. ಭೀಮಾ ದಂಡೆಯ ಊರಿನವರೊಬ್ಬರು ನನ್ನ ಪಕ್ಕ ಚಹಾ ಕುಡಿಯುತ್ತಿದ್ದರು. "ಹೊಲ ಯಾರ ನೋಡ್ಕೊಂತಾರ್ರಿ?" ಅಂತ ಕೇಳಿದೆ. "ಹೊಲದಾಗ ನೋಡ್ಲಾಕ ಏನ್ ಉಳದದ್ರಿ? ಮುಂಗಾರಿಗಿ ಬರ್ತೀವಿ" ಅಂದರು. ಮತ್ತೆ ಬರ್ತೀವಿ ಅನ್ನೋದನ್ನು ಮಾತ್ರ ಎಷ್ಟು ಖಚಿತವಾಗಿ ಹೇಳಿದರು ಅಂದರೆ, ಟಿಕೆಟ್ ಈಗಲೇ ತೆಗೆದಿಟ್ಟಿದ್ದಾರೇನೋ ಅನ್ನೋ ಹಾಗೆ.

ಜನವರಿಯಲ್ಲಿ ತಮ್ಮನಿಂದ ಮೆಸೇಜ್ ಬಂತು. "ಅಣ್ಣಾ, ನಿನ್ನ ಷೀಟಿನ ಫಾರ್ಮ್ಯಾಟ್ ಕಳಸು, ಸಾಲು ಎಲ್ಲಾ ತಗದು." ಕಳಿಸಿದೆ. ಒಂದು ವಾರ ಬಿಟ್ಟು ಅದನ್ನು ತುಂಬಿಸಿ ವಾಪಸ್ ಕಳಿಸಿದ್ದ. ಮೊದಲ ಪುಟದಲ್ಲಿ ಟಂಟಂ ಬಾಡಿಗೆ, ಡೀಸೆಲ್, ಬೀಜದ ಅಂಗಡಿಗೆ ಕೊಟ್ಟದ್ದು. ಎರಡನೆಯ ಪುಟದಲ್ಲಿ ಅಪ್ಪನ ಎರಡು ಎಕರೆ ಮೆಣಸಿನಕಾಯಿ: ಸಸಿ, ಗೊಬ್ಬರ, ಎಣ್ಣಿ, ಆಳು, ಚೀಲ, ಬ್ಯಾಡಗಿಗೆ ಲಾರಿ ಬಾಡಿಗೆ. ಎಲ್ಲದಕ್ಕೂ ಅಂಕಿ ಇತ್ತು. ರೇಟ್ ಅನ್ನೋ ಕಾಲಂ ಮಾತ್ರ ಇನ್ನೂ ಖಾಲಿ ಇತ್ತು.